ಗಾಡಿಯಲ್ಲೊಂದು ಮಖಮಲ್ಲಿನ ದೀಪಗೂಡು

ನನ್ನ ಕನ್ನಡಕದ ಡಬ್ಬಿಯಲ್ಲಿ ಅಂಗೈಯಗಲದ ಒಂದು ಕೆಂಪು ಮಖಮಲ್ಲಿನ ತುಂಡಿದೆ. ಗಾಜು ಒರೆಸಲು ಅದರಷ್ಟು ಹಿತವಾದ ಬಟ್ಟೆ ನನಗೆ ಬೇರೆ ಸಿಕ್ಕಿಲ್ಲ. ಒಂದು ಅಂಚನ್ನು ಮಾತ್ರ ದೂರವಿಡಬೇಕು. ಅಲ್ಲಿ ಬಟ್ಟೆ ಬಟ್ಟೆಯಾಗಿ ಉಳಿದಿಲ್ಲ. ಕರಗಿ, ಕಪ್ಪಾಗಿ, ಆರಿದ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿದೆ. ಅದು ತಾಗಿದರೆ ಗಾಜಿಗೆ ಗೆರೆ ಬೀಳುತ್ತದೆ. ಬೇರೆ ಬಟ್ಟೆ ಇಟ್ಟುಕೊಳ್ಳಬಾರದೇ ಎಂದು ನೀವು ಕೇಳಬಹುದು. ಇಟ್ಟುಕೊಳ್ಳಬಹುದು. ಆದರೆ ಇದು ದೇವರಿಗೆಂದು ಹೊಲಿದ ಬಟ್ಟೆಯಲ್ಲಿ ಉಳಿದ ತುಂಡು. ಆ ಬಟ್ಟೆಯನ್ನು ಚಕ್ರವಿರುವ ಮನೆಯೊಂದರಲ್ಲಿ, ಒಬ್ಬ ಸೀಟ್ ಕವರಿನವನು ಬಹಳ ಪ್ರೀತಿಯಿಂದ ಹೊಲಿದಿದ್ದ.

ಆ ಗಾಡಿಯ ಕಡೆ ಹೋಗುವ ಮೊದಲು ನನ್ನ ಚಾಳಿಯೊಂದನ್ನು ಹೇಳಿಬಿಡುತ್ತೇನೆ. ಯಾವ ಹೊಸ ಜಾಗಕ್ಕೆ ಹೋದರೂ ನನ್ನ ಕಣ್ಣು ಮೊದಲು ಹುಡುಕುವುದು ಹೊರಗೋಡಲು ಎರಡನೆಯ ಬಾಗಿಲು ಎಲ್ಲಿದೆ ಎಂಬುದನ್ನು. ಮದುವೆಗೆ ಹೋದರೆ ಉಳಿದವರು ವಧುವಿನ ಸೀರೆ ನೋಡುತ್ತಾರೆ, ನಾನು ಮಂಟಪದ ಹಿಂದಿನ ವೈರು ನೋಡುತ್ತೇನೆ. ಸಯನ್ನಿನ ನಮ್ಮ ಬಿಲ್ಡಿಂಗಿನಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಕಪಾಟು ಇಟ್ಟವರ ಪೈಕಿ ಇಂದಿಗೂ ನನ್ನೊಡನೆ ನಗುತ್ತಾ ಮಾತಾಡುವವರು ಕಡಿಮೆ. ಬೆಂಕಿ ಆರಿಸುವ ಗಾಡಿಯನ್ನು ಮುಂಬಯಿಯಲ್ಲಿ ‘ಬಂಬ್’ ಎನ್ನುತ್ತಾರೆ. ನಾನು ಬಾಗಿಲಲ್ಲಿ ಕಾಣಿಸಿದೊಡನೆ ‘ಬಂಬ್ ಅತ್ತಿ ಬಂದ್ರು’ ಎಂದು ಮನೆಯ ಮಕ್ಕಳು ಕೂಗುವುದನ್ನು ನಾನು ಬಿರುದೆಂದೇ ಸ್ವೀಕರಿಸಿದ್ದೇನೆ.

ಈ ಚಾಳಿ ನನಗೆ ಅಂಟಿದ್ದು ಶಾಲೆಯಿಂದ. ದಾದರಿನಲ್ಲಿ ಕೆಲವು ಆದರ್ಶವಾದಿಗಳು ಸೇರಿ ನಡೆಸುತ್ತಿದ್ದ ಶಾಲೆ ಅದು. ಬೆಳಗಿನ ಮೊದಲ ಅವಧಿಯಲ್ಲಿ ಪಾಠವಿಲ್ಲ. ಮಕ್ಕಳು ಸುತ್ತಲೂ ಕುಳಿತು, ಹಿಂದಿನ ದಿನ ಕಂಡ ಒಂದು ತಪ್ಪನ್ನು ಯಾರ ಮುಲಾಜಿಗೂ ಬೀಳದೆ ಹೆಸರಿಸಬೇಕು. ಗೋದಿಯಲ್ಲಿ, ಎಂದರೆ ಹಡಗುಕಟ್ಟೆಯಲ್ಲಿ, ಹಮಾಲಿ ಮಾಡುತ್ತಿದ್ದ ಅಪ್ಪ ಸೀಮೆಎಣ್ಣೆ ಡಬ್ಬಿಯ ಪಕ್ಕದಲ್ಲೇ ಬೀಡಿ ಹಚ್ಚುತ್ತಾನೆ ಎಂದು ನಾನು ಎದ್ದು ನಿಂತು ಹೇಳಿದೆ. ಬಾಯಿಯವರು, ಎಂದರೆ ನಮ್ಮ ಟೀಚರು, ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ಆ ಹುಮ್ಮಸ್ಸಿನಲ್ಲೇ ಮನೆಗೆ ಬಂದು ಅವ್ವನಿಗೂ ಹೇಳಿದೆ. “ಮನೀ ಮಾತು ಸಾಲ್ಯಾಗ ಹೇಳಾಕ ಕಲಸ್ತಾಳೇನ್ ಆಕಿ?” ಎಂದು ಅವ್ವ ಲಟ್ಟಣಿಗೆ ಎತ್ತಿದಳು. ಅಪ್ಪ ಬೀಡಿ ಹಿಡಿದು ಹೊರಗಿನ ಗ್ಯಾಲರಿಗೆ ಹೋದ. ಅಂದಿನಿಂದ ಅವನು ಒಳಗೆ ಬೀಡಿ ಸೇದಲಿಲ್ಲ. ಚಳವಳಿಯೊಂದು ಅಷ್ಟು ಬೇಗ ಗೆದ್ದದ್ದನ್ನು ನಾನು ಮತ್ತೆ ಕಾಣಲಿಲ್ಲ.

ಆಂಟಾಪ್ ಹಿಲ್‌ನ ಸಾಲುಕೋಣೆಗಳ ಚಾಳಿನಲ್ಲಿದ್ದ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಹಿತ್ತಾಳೆಯ ಸ್ಟೋ ಇತ್ತು. ಅದರ ತೂತಿಗೆ ಪಿನ್ನು ಚುಚ್ಚುವುದು, ಪಂಪು ಹೊಡೆಯುವುದು, ಹಳದಿ ಜ್ವಾಲೆ ನೀಲಿಗೆ ತಿರುಗುವ ತನಕ ಮುಖ ಹಿಂದಕ್ಕೆಳೆದು ಕಾಯುವುದು ನನ್ನ ಪಾಲಿನ ಕೆಲಸವಾಗಿತ್ತು. ಜ್ವಾಲೆ ನೀಲಿಯಾದಾಗ ಏಳುತ್ತಿದ್ದ ಆ ಭರ್ರೆನ್ನುವ ಸದ್ದು ನನಗೆ ಇಂದಿಗೂ ಹಸಿವಿನ ಸದ್ದು. ಅದೇ ಸಾಲಿನ ಕೋಣೆಯೊಂದರಲ್ಲಿ ಹೊಸದಾಗಿ ಬಂದ ಸೊಸೆಯೊಬ್ಬಳು ಸುಟ್ಟುಹೋದಳು. ಸ್ಟೋ ಸಿಡಿಯಿತು ಎಂದರು. ಸ್ಟೋ ಮಾತ್ರ ಒಂದು ಗೀರೂ ಇಲ್ಲದೆ ಮರುದಿನ ಅದೇ ಮನೆಯಲ್ಲಿ ಚಹಾ ಕಾಯಿಸುತ್ತಿತ್ತು. ಅದು ಅಪಘಾತವಲ್ಲ, ಕೊಲೆ. ಸುತ್ತಲಿನವರೆಲ್ಲ ತಿಳಿದೂ ಸುಮ್ಮನಿದ್ದರು. ಬೆಂಕಿಯ ವಿಷಯದಲ್ಲಿ ನಾನು ನಗೆಪಾಟಲಾಗಲು ಹೆದರದಿರುವುದಕ್ಕೆ ಆ ಮೌನವೇ ಕಾರಣ ಎಂದುಕೊಂಡಿದ್ದೇನೆ. ವಿಜ್ಞಾನದ ಟೀಚರಾಗಿ ನಿವೃತ್ತಳಾದ ಮೇಲೆ ಕಾಲೊನಿಗಳಿಗೆ ಹೋಗಿ ಬೆಂಕಿಯ ಬಗ್ಗೆ ಮಾತಾಡುವುದೇ ನನ್ನ ಉದ್ಯೋಗವಾಗಿದೆ.

ಗಾಡಿಯ ಮಾತಿಗೆ ಬರುತ್ತೇನೆ. ಅದೇ ತವರುಕೋಣೆಯಲ್ಲಿ ಈಗ ನನ್ನ ವೈನಿ ಗಂಗವ್ವ ಮಗನೊಂದಿಗೆ ಇದ್ದಾಳೆ. ಅಣ್ಣ ತೀರಿಕೊಂಡು ಬಹಳ ಕಾಲವಾಯಿತು. ಅಣ್ಣನ ಹೆಂಡತಿಯನ್ನು ನಮ್ಮ ವಿಜಯಪುರದ ಕಡೆ ವೈನಿ ಎನ್ನುತ್ತೇವೆ. ಮಗ ಬಸವರಾಜ ಕಚೇರಿಯವರನ್ನು ಕರೆದೊಯ್ಯುವ ಟೆಂಪೋ ಓಡಿಸುತ್ತಿದ್ದ. ಕಚೇರಿಗಳು ಮನೆಯಿಂದಲೇ ಕೆಲಸ ಮಾಡಿಸುವುದನ್ನು ಕಲಿತ ಮೇಲೆ ಅವನ ಗಾಡಿ ಕಾಲೊನಿಯ ಗೋಡೆಗೆ ಒರಗಿ ನಿಂತಿತು. ಬೆಕ್ಕುಗಳು ಅದರಡಿ ಸಂಸಾರ ಹೂಡಿದವು. ಆಗ ಬಸುವಿಗೂ ಅವನ ಗೆಳೆಯ ರಫೀಕನಿಗೂ ಹೊಳೆದದ್ದು ಕ್ಯಾಂಪರ್. ಒಳಗೆ ಮಂಚ, ಒಲೆ, ಕಪಾಟು ಕೂರಿಸಿ, ಅಲಿಬಾಗ್, ಲೋಣಾವಳ ಎಂದು ಹೊರಡುವವರಿಗೆ ಬಾಡಿಗೆಗೆ ಬಿಡುವ ಯೋಚನೆ. ರಫೀಕನೂ ವಿಜಯಪುರದ ಕಡೆಯವನೇ, ರಸ್ತೆ ಬದಿಯ ಅಂಗಡಿಯಲ್ಲಿ ಸೀಟ್ ಕವರ್ ಹೊಲಿಯುತ್ತಾನೆ.

ಆದರೆ ಬಾಡಿಗೆಗಿಂತ ಮೊದಲು ಆ ಗಾಡಿ ಒಂದು ಕಡೆ ಹೋಗಬೇಕಿತ್ತು. ವೈನಿಗೆ ಒಬ್ಬಳೇ ತಂಗಿ, ನೀಲವ್ವ, ಮೀರಜಿನಲ್ಲಿ. ಆಕೆಯ ಕಣ್ಣು ದಿನದಿನಕ್ಕೂ ಮಂಜಾಗುತ್ತಿತ್ತು. ದಸರೆ ಮುಗಿದೊಡನೆ ಆಕೆಯ ಮಗ ಆಕೆಯನ್ನು ತನ್ನೊಡನೆ ನಾಗಪುರಕ್ಕೆ ಕರೆದೊಯ್ಯುವವನಿದ್ದ. “ಅಕ್ಕಾ, ಮಾರಿ ಗುರ್ತ ಸಿಗೂದು ನಿಲ್ಲೂದ್ರಾಗ ಒಮ್ಮೆ ಬಂದು ಹೋಗ” ಎಂದು ಆಕೆ ಫೋನಿನಲ್ಲಿ ಅತ್ತಿದ್ದಳು. ವೈನಿಯ ಮೊಣಕಾಲು ಎಷ್ಟು ಕೆಟ್ಟಿತ್ತೆಂದರೆ ರೈಲಿನ ಮೆಟ್ಟಿಲು ಹತ್ತುವುದಿರಲಿ, ಬಸ್ಸಿನಲ್ಲಿ ಕಾಲು ಮಡಚಿ ಕೂರುವುದೂ ಆಗದು. ಮಲಗಿಕೊಂಡೇ ಹೋಗಬಲ್ಲ ಗಾಡಿ ಮನೆ ಬಾಗಿಲಲ್ಲೇ ತಯಾರಾಗುತ್ತಿತ್ತು. ಮಳೆಗಾಲ ಕಳೆದು ಅದು ಸಿದ್ಧವಾಗುವ ಹೊತ್ತಿಗೆ ನವರಾತ್ರಿ ಬಂದಿತ್ತು.

“ಅತ್ತಿ, ಒಮ್ಮೆ ಒಳಗ ಬಂದು ನೋಡ್ರಿ. ಏಕದಮ್ ಹೋಟೆಲ್ ಆಗೈತಿ!” ಎಂದು ಬಸು ಕರೆದ. ನನಗೂ ಆಸೆಯಿತ್ತು. ಮೀರಜಿಗೆ ನಾನೂ ಹೋಗುವವಳೆಂದು ಚೀಲ ಕಟ್ಟಿಟ್ಟುಕೊಂಡಿದ್ದೆ. ಕಿಟಕಿಯ ಪಕ್ಕ ಮಲಗಿ ಘಾಟಿನ ಬೆಟ್ಟಗಳು ಹಿಂದೆ ಸರಿಯುವುದನ್ನು ನೋಡುವ ಕನಸನ್ನು ಈ ವಯಸ್ಸಿನಲ್ಲಿ ಯಾರ ಮುಂದೆ ಹೇಳಿಕೊಳ್ಳುವುದು?

ಒಳಗೆ ಕಾಲಿಟ್ಟೆ. ಎರಡನೆಯ ಬಾಗಿಲು ಹುಡುಕಿದೆ. ಅದನ್ನು ಮಂಚ ಕೂರಿಸಿ ಮುಚ್ಚಿಬಿಟ್ಟಿದ್ದರು.

ಮುಂದಿನದನ್ನು ಬಸು ಇಂದಿಗೂ ‘ಅತ್ತಿಯ ಪರೀಕ್ಷೆ’ ಎನ್ನುತ್ತಾನೆ. ಗ್ಯಾಸ್ ಸಿಲಿಂಡರು ಮಂಚದ ಕೆಳಗೆ ಮುಚ್ಚಿದ ಪೆಟ್ಟಿಗೆಯಲ್ಲಿತ್ತು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಹೊರಹೋಗದೆ ನೆಲದಲ್ಲೇ ನೀರಿನಂತೆ ನಿಲ್ಲುತ್ತದೆ, ಒಂದು ಕಿಡಿಗಾಗಿ ಕಾಯುತ್ತದೆ. ಒಲೆಯ ನೆತ್ತಿಗೆ ನೈಲಾನ್ ಪರದೆ. ಬ್ಯಾಟರಿಯಿಂದ ಹೊರಟ ವೈರುಗಳಿಗೆ ಫ್ಯೂಸ್ ಇಲ್ಲ. ಇಷ್ಟನ್ನೂ ಹೇಳುತ್ತಾ ಹೋದಂತೆ ಅವರಿಬ್ಬರೂ ಹೋಮ್‌ವರ್ಕ್ ಮಾಡದ ಹುಡುಗರ ಹಾಗೆ ನಿಂತರು.

“ಆದ್ರ ಅತ್ತಿ, ಮೊಬೈಲ್‌ನಾಗ ಎಲ್ಲಾರೂ ಹಿಂಗ ಮಾಡ್ಯಾರ. ವಿಡಿಯೋ ನೋಡ್ಕೋತನ ಮಾಡೀವಿ.”

“ಅವರು ಪರದೆ, ಮೋಂಬತ್ತಿ, ಬಣ್ಣದ ದೀಪದ ಸರ ಎಲ್ಲಾ ತೋರಸ್ತಾರ. ಬೆಂಕಿ ಆರಿಸೋ ಕೆಂಪು ಸಿಲಿಂಡರ್ ಒಬ್ಬರರ ತೋರಿಸ್ಯಾರೇನು?”

“ಅದು ಫ್ರೇಮ್‌ನಾಗ ಚಂದ ಕಾಣೂದಿಲ್ಲ ಅತ್ತಿ” ಎಂದ ಬಸು.

ಈ ಮಾತನ್ನು ನಾನು ಕ್ಷಮಿಸಿಲ್ಲ. ಬಸುವನ್ನು ಕ್ಷಮಿಸಿದ್ದೇನೆ, ಚಂದ ಕಾಣುವುದನ್ನಷ್ಟೇ ಮಾರುವವರನ್ನಲ್ಲ. ಮಾರುವ ಫೋಮು ಹೇಗೆ ಉರಿಯುತ್ತದೆಂದು ಹೇಳದ ಅಂಗಡಿಯವರು, ಎಲ್ಲೆಂದರಲ್ಲಿ ಸಣ್ಣ ಸಿಲಿಂಡರಿಗೆ ಗ್ಯಾಸ್ ತುಂಬಿಕೊಡುವವರು, ಬಾಡಿಗೆ ಗಾಡಿಯಲ್ಲಿ ಚಳಿಯೆಂದು ಕೆಂಡದ ಸಿಗಡಿ ಒಲೆಯನ್ನು ಒಳಗಿಟ್ಟು ಬಾಗಿಲು ಹಾಕಿ ಮಲಗುವ ವಿದ್ಯಾವಂತರು, ಇವರೆಲ್ಲರ ಹೆಸರನ್ನು ಶಾಲೆಯ ಆ ಬೆಳಗಿನ ಅವಧಿಯಲ್ಲಿ ಎದ್ದು ನಿಂತು ಹೇಳಬೇಕೆನಿಸುತ್ತದೆ. ಸಿಗಡಿಯ ವಿಷಗಾಳಿಗೆ ವಾಸನೆಯೂ ಇಲ್ಲ, ಮಲಗಿದವರು ಏಳುವುದಿಲ್ಲ.

ಹುಡುಗರು ಹಟಮಾರಿಗಳಲ್ಲ. ಮಂಚ ಸರಿಸಿ ಹಿಂದಿನ ಬಾಗಿಲು ಬಿಡಿಸಿದರು. ಸಿಲಿಂಡರನ್ನು ಹೊರಗಿನಿಂದ ಮಾತ್ರ ತೆರೆಯುವ, ತಳದಲ್ಲಿ ಜಾಲರಿಯಿರುವ ಪೆಟ್ಟಿಗೆಗೆ ಸಾಗಿಸಿದರು. ಫ್ಯೂಸ್ ಬಂತು, ಪರದೆ ಹೋಯಿತು, ಗ್ಯಾಸ್ ಸೋರಿದರೆ ಕಿರುಚುವ ಯಂತ್ರ ನೆಲದ ಹತ್ತಿರ ಬಂತು, ಬಾಗಿಲ ಬಳಿ ಕೆಂಪು ಸಿಲಿಂಡರೂ ಬಂತು. ಒಂದು ಜಾಗದ ಬಳಿ ಮಾತ್ರ ಬಸು ನಿಂತ. “ಅದಕ್ಕ ನಾ ಕೈ ಹಚ್ಚೂದಿಲ್ಲ ಅತ್ತಿ. ಅದು ಅವ್ವಂದು.”

ಚಾಲಕನ ಸೀಟಿನ ಬೆನ್ನಿಗೆ ಪ್ಲೈವುಡ್ಡಿನ ಒಂದು ಪುಟ್ಟ ಗೂಡು. ಒಳಗೆ ನೆಲ, ಗೋಡೆ, ಚಾವಣಿ ಎಲ್ಲ ಕೆಂಪು ಮಖಮಲ್ಲು, ಅದರಡಿ ಫೋಮು, ನಡುನಡುವೆ ಚಿನ್ನದ ಬಣ್ಣದ ಗುಂಡಿ. ಮಹಾರಾಜರ ಮೇನೆಯ ಹಾಗಿತ್ತು. ರಫೀಕ ಹೆಮ್ಮೆಯಿಂದ ಅದರ ಅಂಚು ಸವರಿದ.

“ದೇವ್ರಿಗಿ ಝಟ್ಕಾ ಬಡೀಬಾರ್ದು ನೋಡ್ರಿ ಟೀಚರ್. ಖಂಬಾಟಕಿ ಘಾಟಿನ್ಯಾಗ ರೋಡ್ ಭಾಳ ಖರಾಬ್. ಅದಕ್ಕ ಡಬಲ್ ಫೋಮ್ ಹಾಕೀನಿ. ಅಮ್ಮಾ ಕಾ ದೇವರು ಭೀ ಆರಾಮ್ ಸೆ ಹೋಗಬೇಕಲ್ಲಾ?”

“ಇದರಾಗ ಏನ್ ಇಡ್ತೀರಿ?”

“ದೀಪ ರೀ.”

ಈಗ ಆ ದೀಪದ ಸಂಗತಿ. ನವರಾತ್ರಿಯಲ್ಲಿ ನಮ್ಮ ಕಡೆ ಘಟ್ಟ ಹಾಕುತ್ತಾರೆ. ಎಲೆಯ ಮೇಲೆ ಮಣ್ಣು ಹರಡಿ, ಕಾಳು ಬಿತ್ತಿ, ನಡುವೆ ನೀರಿನ ಮಡಕೆಯಿಟ್ಟು, ಪಕ್ಕದಲ್ಲಿ ದೀಪ ಹಚ್ಚುತ್ತಾರೆ. ದಸರೆಯವರೆಗೆ ಘಟ್ಟ ಕದಲಬಾರದು, ದೀಪ ಆರಬಾರದು, ಮನೆಯವರಲ್ಲಿ ಒಬ್ಬರು ಅದರ ಬಳಿ ಇರಲೇಬೇಕು. ವೈನಿ ಇದಕ್ಕೆ ಕಂಡುಕೊಂಡ ದಾರಿ ಹೀಗಿತ್ತು: ಮನೆಯ ದೀಪಕ್ಕೆ ಎಣ್ಣೆ ತುಂಬಿ ಕೋಣೆಗೆ ಬೀಗ ಹಾಕುವುದು. ಅದರಿಂದಲೇ ಹಚ್ಚಿದ ಇನ್ನೊಂದು ದೀಪವನ್ನು ಗಾಡಿಯಲ್ಲಿ ಒಯ್ಯುವುದು. “ಅಲ್ಲಿದು ಶಾಂತ ಆದ್ರೂ ಇಲ್ಲಿದು ಇರ್ತೈತಿ, ಇಲ್ಲಿದು ಶಾಂತ ಆದ್ರೂ ಅಲ್ಲಿದು ಇರ್ತೈತಿ” ಎಂದು ವೈನಿ ನನಗೆ ವಿವರಿಸಿದಳು. ಭಕ್ತಿಯ ಲೆಕ್ಕದಲ್ಲಿ ಇದರಲ್ಲಿ ಒಂದು ಲೋಪವೂ ಇಲ್ಲ. ನನ್ನ ಲೆಕ್ಕದಲ್ಲಿ, ಹಳೆಯ ಮರದ ಜಂತೆಯ ಚಾಳಿನಲ್ಲಿ ಕಾವಲಿಲ್ಲದ ಒಂದು ಬೆಂಕಿ, ಫೋಮಿನ ಮೇಲೆ ಓಡುವ ಇನ್ನೊಂದು ಬೆಂಕಿ.

“ಟ್ರಾಯಲ್ ಸೈತ ತಗೊಂಡೀವಿ, ಟೀಚರ್” ಎಂದ ರಫೀಕ. “ದೀಪ ಇಟ್ಟು ಕಾಲೊನಿ ಒಂದು ರೌಂಡ್ ಹೊಡದೀವಿ. ಆರಲೇ ಇಲ್ಲ!”

ಗೂಡಿನ ಚಾವಣಿಗೆ ಕೈಯಿಟ್ಟೆ. ಮಖಮಲ್ಲಿನ ಎಳೆಗಳು ಒಂದು ಕಡೆ ಒರಟಾಗಿ ಮುದುಡಿದ್ದವು. ಒಂದು ಸುತ್ತಿಗೇ ಅಷ್ಟು. ಮೀರಜಿನ ದಾರಿ ಇಡೀ ದಿನದ್ದು.

ಹೇಳಿದರೆ ನಂಬುವುದಿಲ್ಲವೆಂದು ಟೀಚರಿನ ಹಳೆಯ ಉಪಾಯ ಹಿಡಿದೆ. ರಫೀಕನ ಅಂಗಡಿಯಿಂದ, ಗೂಡಿಗೆ ಹೊಲಿದು ಉಳಿದ ಅದೇ ಮಖಮಲ್ಲಿನ ಒಂದು ತುಂಡು, ಹಿಂದೆ ಚೂರು ಫೋಮು. ರಸ್ತೆ ಬದಿಯಲ್ಲಿ ಬಕೆಟ್ ನೀರು ಇಟ್ಟುಕೊಂಡು, ಇಕ್ಕಳದಲ್ಲಿ ಹಿಡಿದು ಅಂಚಿಗೆ ಕಡ್ಡಿ ಗೀರಿದೆ. ಫೋಮು ಒಮ್ಮೆಲೇ ಭಗ್ಗೆಂದಿತು. ಉರಿಯುವ ಹನಿಗಳು ತೊಟತೊಟನೆ ಕೆಳಗೆ ಬಿದ್ದವು. ಕರಿಹೊಗೆ ಎಲ್ಲರನ್ನೂ ಕೆಮ್ಮಿಸಿತು. ಬಕೆಟ್ಟಿಗೆ ಅದ್ದಿ ಆರಿಸಿದೆ. ರಫೀಕನ ಮುಖ ಬಿಳುಚಿತ್ತು. “ಯಾ ಅಲ್ಲಾ. ಇದರ ಮ್ಯಾಲ ನಾ ಅಮ್ಮಾನ್ನ ಮಲಗಸಾಂವ ಇದ್ದೆ” ಎಂದವನೇ ಒಳಗೆ ಹೋಗಿ, ತನ್ನ ಕೈಯಾರೆ ಹೊಲಿದ ಗೂಡನ್ನು ಕಿತ್ತು ತಂದ. ಮಂಚಗಳ ಫೋಮು ತೆಗೆದು ದಪ್ಪ ಹತ್ತಿಯ ಗಾದಿ ಹಾಕುವುದಾಗಿ ಅಲ್ಲೇ ಹೇಳಿದ. ಬಕೆಟ್ಟಿನಲ್ಲಿ ಉಳಿದ ತುಂಡನ್ನು ನಾನು ಹಿಂಡಿ ಕರ್ಚೀಫಿನಲ್ಲಿ ಸುತ್ತಿಕೊಂಡೆ.

ವೈನಿ ಮಾತ್ರ ಗ್ಯಾಲರಿಯ ಕುರ್ಚಿಯಿಂದ ಎಲ್ಲವನ್ನೂ ನೋಡಿ, ಸೆರಗಿನಿಂದ ಮೂಗು ಒರೆಸಿಕೊಂಡಳು. “ಹೋಗೂದ ಬ್ಯಾಡ ಬಿಡು ಬಸ್ಯಾ. ನೀಲವ್ವಗ ಫೋನ್ ಹಚ್ಚಿ ಹೇಳು. ದೀಪ ಬಿಟ್ಟು ಬರಾಕ ಆಗೂದಿಲ್ಲಂತ.”

ನಾನು ಗೆದ್ದಿದ್ದೆ, ಎರಡೂ ಬೆಂಕಿ ತಪ್ಪಿದ್ದವು. ಆದರೆ ಗೆಲುವು ಹೀಗಿರಬಾರದು ಎಂದೆನಿಸಿತು. ವೈನಿಯ ಪಕ್ಕದಲ್ಲಿ ಹೋಗಿ ಕುಳಿತೆ. ಉರಿಯುವ ಬೆಂಕಿಯನ್ನು ಒಂಟಿಯಾಗಿ ಬಿಡಬಾರದೆಂಬುದು ನಾನೇ ಕಾಲೊನಿ ಕಾಲೊನಿಗೆ ಹೇಳುತ್ತಾ ಬಂದ ಮಾತು. ಘಟ್ಟದ ನಿಯಮದಲ್ಲೂ ಇರುವುದು ಅದೇ. ನಿಯಮ ಸರಿಯಾಗಿದೆ. ‘ಮನೆಯವರಲ್ಲಿ ಒಬ್ಬರು’ ಎಂದರೆ ವರ್ಷ ವರ್ಷವೂ ಗಂಗವ್ವ ಎಂದೇ ಅರ್ಥವಾದದ್ದು ಸರಿಯಲ್ಲ. ಅಣ್ಣ ಒಂದು ನವರಾತ್ರಿಯಲ್ಲೂ ಕಾವಲು ಕೂತವನಲ್ಲ. ಇದನ್ನೇ ವೈನಿಗೆ ಹೇಳಿದೆ.

“ವೈನಿ, ಇದು ಅನ್ಯಾಯ. ಹೆಣ್ಮಗಳೊಬ್ಬಳನ್ನ ದೀಪದ ಮುಂದ ಕೂಡಿಸಿ ಉಳಿದವರೆಲ್ಲ ತಿರಗಾಡಾಕ ಹೋದ್ರು.”

ವೈನಿ ನನ್ನನ್ನು ದಿಟ್ಟಿಸಿ ನೋಡಿದಳು. “ಹೌದವಾ ಬಂಬ್. ಅನ್ಯಾಯ. ನೀನೂ ಈ ಮನೀ ಮಗಳ ಅಲ್ಲೇನು? ನೀ ಕುಂದರ್ತೀ? ಮಂದಿಗೆ ಹೇಳಾಕ ಬರ್ತೈತಿ, ಬತ್ತಿಗೆ ಎಣ್ಣಿ ಹಾಕಾಕ ಬರ್ತೈತೇನು?”

ಬಸು ಕಿಸಕ್ಕೆಂದು ನಕ್ಕ. ನಾನು ಕಟ್ಟಿಟ್ಟ ಚೀಲ, ಕಿಟಕಿ ಪಕ್ಕದ ಹಾಸಿಗೆ, ಘಾಟು ಎಲ್ಲ ಕಣ್ಣ ಮುಂದೆ ಹಾದುಹೋದವು.

“ಬರ್ತೈತಿ” ಎಂದೆ.

“ನಿನಗ ದೇವರ ಮ್ಯಾಲ ನಂಬಿಕಿ ಇಲ್ಲ.”

“ಇಲ್ಲ. ಆದ್ರ ಬೆಂಕಿ ಕಾಯೂದು ನನಗ ಬರ್ತೈತಿ, ವೈನಿ. ಆರಗೊಡೂದಿಲ್ಲ, ಹಬ್ಬಗೊಡೂದಿಲ್ಲ.”

ವೈನಿ ಬಸುವಿನ ಕಡೆ ತಿರುಗಿ, “ಆಕಿಗೆ ಎಣ್ಣಿ ಬಾಟ್ಲಿ ಎಲ್ಲೈತಿ ತೋರಸು” ಎಂದಳು.

ಹೊರಡುವ ಬೆಳಗ್ಗೆ ವೈನಿಯನ್ನು ಕುರ್ಚಿಯಲ್ಲಿ ಕೂರಿಸಿಯೇ ಬಸು, ರಫೀಕ ಇಬ್ಬರೂ ಎತ್ತಿ ಗಾಡಿಯೊಳಗೆ ಇಳಿಸಿದರು. ಆಕೆ ಗಾದಿಯ ಮೇಲೆ ಕಾಲು ಚಾಚಿ, ಒಮ್ಮೆ ಮಗ್ಗುಲಾಗಿ, ಒಮ್ಮೆ ಅಂಗಾತವಾಗಿ ಮಲಗಿ ನೋಡಿ, “ಅಯ್ಯ, ಮನಿಕಿಂತ ಚಲೋ ಐತಿ” ಎಂದಳು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ನಿಂತು ನೋಡಲು ನನಗೆ ಆಗಲಿಲ್ಲ. ಒಳಗೆ ದೀಪವಿತ್ತು.

ಆ ಕೋಣೆಯಲ್ಲಿ ಹುಟ್ಟಿ ಬೆಳೆದವಳು ನಾನು. ಆದರೂ ಅದನ್ನು ಅಷ್ಟು ಹೊತ್ತು ನೋಡಿರಲಿಲ್ಲ. ದೀಪದ ಸುತ್ತಲಿನ ಕಾಗದದ ಹೂವು ತೆಗೆದೆ, ದೀಪವನ್ನು ನೀರು ತುಂಬಿದ ಹಿತ್ತಾಳೆ ತಾಟಿನ ನಡುವೆ ಇಟ್ಟೆ, ಮರಳಿನ ಬಕೆಟ್ ಕೈಗೆಟುಕುವಲ್ಲಿ ತಂದೆ. ಅಷ್ಟಾದ ಮೇಲೆ ಮಾಡಲು ಏನೂ ಇರಲಿಲ್ಲ, ಎದ್ದು ಹೋಗುವಂತೆಯೂ ಇರಲಿಲ್ಲ. ಮಣ್ಣಿನಲ್ಲಿ ಗೋದಿಯ ಮೊಳಕೆ ಎಳೆಹಸಿರಾಗಿ ಎದ್ದಿತ್ತು. ಹಾಲಿನವನು ಬಂದ, ಹೋದ. ಲೋಕಲ್ ರೈಲಿನ ಸದ್ದು ಬಂತು, ಹೋಯಿತು. ಎದುರು ಕೋಣೆಯ ಮರಾಠಿ ಹೆಂಗಸು ಸುಮನತಾಯಿ ಇಣುಕಿ, “ಅಗೋ ಬಾಈ, ಆಜ್ ಬಂಬ್‌ಚ ದಿವಾ ಸಾಂಭಾಳತೋಯ್!” ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಇವತ್ತು ಬಂಬೇ ದೀಪ ಕಾಯುತ್ತಿದೆಯೆಂಬ ಸುದ್ದಿ ಮಧ್ಯಾಹ್ನದೊಳಗೆ ಸಾಲಿಗೆಲ್ಲ ಹರಡಿ, ನನ್ನನ್ನು ನೋಡಲೆಂದೇ ಜನ ಬಂದರು. ಬಂದವರಿಗೆಲ್ಲ ಅವರ ಮನೆಯ ಸಿಲಿಂಡರಿನ ರಬ್ಬರ್ ಪೈಪು ಬದಲಿಸಿ ಎಷ್ಟು ಕಾಲವಾಯಿತೆಂದು ಕೇಳಿದೆ. ಆಮೇಲೆ ಬರುವವರು ಕಡಿಮೆಯಾದರು. ದೀಪದಲ್ಲಿ ನನಗೆ ದೇವಿ ಕಾಣಲಿಲ್ಲ. ಕಂಡಳೆಂದು ಬರೆದರೆ ಸುಳ್ಳಾದೀತು. ಕಂಡದ್ದು ಇಷ್ಟೇ: ಬತ್ತಿ ಸ್ವಲ್ಪ ಕೆಳಗಿಳಿದರೂ ನನ್ನ ಎದೆ ಧಸಕ್ಕೆನ್ನುತ್ತಿತ್ತು.

ಮರುದಿನ ಬೆಳಗ್ಗೆ ಬಸುವಿನ ವಿಡಿಯೋ ಕರೆ ಬಂತು. ನೀಲವ್ವನ ಮನೆ ಮೇಲಿನ ಮಾಳಿಗೆಯಲ್ಲಿತ್ತು, ವೈನಿಗೆ ಹತ್ತಲಾಗಲಿಲ್ಲ. ಹಾಗಾಗಿ ನೀಲವ್ವನನ್ನೇ ಕೆಳಗಿಳಿಸಿ ತಂದಿದ್ದರು. ಗಾಡಿಯ ಎರಡೂ ಬಾಗಿಲು ತೆರೆದಿದ್ದವು. ಎದುರುಬದುರು ಮಂಚಗಳಲ್ಲಿ ಅಕ್ಕತಂಗಿಯರು ಮಲಗಿದ್ದರು, ನಡುವಿನ ಸ್ಟೂಲಿನ ಮೇಲೆ ಚಹಾದ ಕಪ್ಪು. ನೀಲವ್ವ ಕೈ ಚಾಚಿ ಅಕ್ಕನ ಮುಖವನ್ನು ಹಣೆಯಿಂದ ಗದ್ದದವರೆಗೆ ಸವರುತ್ತಿದ್ದಳು. “ಮೂಗು ಅವ್ವಂದ ಐತಿ ನೋಡು, ಇನ್ನೂ ಹಂಗ ಐತಿ” ಎಂದಳು. “ಕಣ್ಣು ತಗದು ನೋಡಲೇ, ಬರೇ ಮುಟ್ಟತಿ” ಎಂದು ವೈನಿ ಗದರಿದಳು. “ಕಾಣತೈತಿ, ಕಾಣತೈತಿ. ಮುದುಕಿ ಆಗೀ.” “ನೀ ಏನ್ ಹರೇದಾಕಿ ಏನ್?” ಇಬ್ಬರೂ ಮಲಗಿದಲ್ಲೇ ನಗತೊಡಗಿದರು, ಗಾಡಿ ನಿಂತಲ್ಲೇ ಅಲುಗಾಡಿತು.

ಮೊಬೈಲನ್ನು ದೀಪದ ಕಡೆ ತಿರುಗಿಸಿದೆ. ವೈನಿ ಒಂದು ಕ್ಷಣ ಕೈ ಮುಗಿದಳು. “ಬತ್ತಿ ಸಣ್ಣ ಆಗೈತಿ. ಮುಂದ ಮಾಡು” ಎಂದಳು. ಮುಂದೆ ಮಾಡಿದೆ.

ಅಂದು ಮಧ್ಯಾಹ್ನವೇ ಅವರು ಅಲ್ಲಿಂದ ಹೊರಡಬೇಕಿತ್ತು. ಹೊರಡುವ ಹೊತ್ತಿಗೆ ಮತ್ತೆ ಕರೆ ಬಂತು. ಈ ಸಲ ಬಸು ಅಲ್ಲ. ವೈನಿಯೇ, ಮಗನಿಂದ ಮೊಬೈಲು ಕಸಿದುಕೊಂಡು, ಬಾಯಿಗೆ ತೀರಾ ಹತ್ತಿರ ಹಿಡಿದು, ತಗ್ಗಿದ ದನಿಯಲ್ಲಿ ಮಾತಾಡಿದಳು. ಯಾರನ್ನೂ ಏನನ್ನೂ ಕೇಳಿ ಗೊತ್ತಿಲ್ಲದವರು ಕೇಳುವ ದನಿ ಅದು.

“ಸರೂ. ಇನ್ನೊಂದ ದಿನ ಇರ್ಲೇನು?”

ನಾನು ದೀಪದ ಕಡೆ ತಿರುಗಿ ನೋಡಿದೆ. ಆಕೆ ಆ ತಡವನ್ನು ತಪ್ಪಾಗಿ ತಿಳಿದು, “ಬ್ಯಾಡಾದ್ರ ಬರ್ತೀನಿ, ಬಸ್ಯಾ ಗಾಡಿ ತಗೀತಾನ” ಎಂದಳು.

“ಇರು ವೈನಿ. ದಸರಾ ತನಕ ಬೇಕಾದ್ರ ಇರು” ಎಂದೆ.

ಕರೆ ಮುಗಿಸಿ ಎಣ್ಣೆ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದೆ. ತಳ ಕಂಡಿತ್ತು. ದೀಪ ಬಿಟ್ಟು ಹೋಗುವಂತಿರಲಿಲ್ಲ. ಬಾಗಿಲಲ್ಲೇ ನಿಂತು, ಸಂತೆಚೀಲ ಹಿಡಿದು ಹೊರಟಿದ್ದ ಸುಮನತಾಯಿಯನ್ನು ಕೂಗಿ ಕರೆದು, ಬರುವಾಗ ನನಗೊಂದು ದೊಡ್ಡ ಬಾಟಲಿ ಎಣ್ಣೆ ತನ್ನಿ ಎಂದೆ.